ಮಣ್ಣಿಗೆ ಬಂದವನ ಹಾಜರಿ

ಚನ್ನಗಿರಿಯ ಮುರುಗೇಶಪ್ಪನವರು ಯಾರ ಮೇಲೂ ಕೂಗಾಡುವವರಲ್ಲ. ಕೂಗಾಡುವ ಸಾಹುಕಾರನಾದರೆ ಎಷ್ಟೋ ವಾಸಿ, ಕೂಗಿ ಮುಗಿಸಿ ತಾನೇ ಟೀ ತರಿಸುತ್ತಾನೆ. ಇವರು ಮೆಲ್ಲಗೆ ‘ತಮ್ಮಾ’ ಎನ್ನುತ್ತಲೇ ಪ್ರಾಣ ಹಿಂಡುವವರು. ಬೀಜ, ಗೊಬ್ಬರ, ಔಷಧಿಯ ಹೋಲ್‌ಸೇಲ್ ವ್ಯಾಪಾರ. ಸುತ್ತಲ ತಾಲ್ಲೂಕುಗಳ ಅಂಗಡಿ ಅಂಗಡಿ ತಿರುಗಿ ಆರ್ಡರ್ ತರಲು ನಾಲ್ಕು ಜನ ಹುಡುಗರಿದ್ದರು. ಹುಡುಗರು ಅನ್ನುವುದು ಸಾಹುಕಾರರ ಮಾತು. ಅವರಲ್ಲಿ ಹಿರಿಯವನಾದ ಓಂಕಾರನಿಗೆ ಆಗಲೇ ತಲೆ ನೆರೆಯುತ್ತಿತ್ತು.

ಎರಡು ವರ್ಷದ ಹಿಂದೆ ಯಾರೋ ಪುಣ್ಯಾತ್ಮ ಮುರುಗೇಶಪ್ಪನವರ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟ. ಅವತ್ತಿನಿಂದ ನಾಲ್ವರೂ ನಕ್ಷೆಯ ಮೇಲಿನ ನಾಲ್ಕು ಚುಕ್ಕಿಗಳಾದರು. ಹೋದಲ್ಲೆಲ್ಲ ಅಂಗಡಿಯ ಮುಂದೆ ನಿಂತು ತಮ್ಮ ಮುಖ ಕಾಣುವಂತೆ ಫೋಟೊ ತೆಗೆಯಬೇಕು. ಆ್ಯಪ್ ಅದಕ್ಕೆ ಊರು, ಗಂಟೆ ಅಂಟಿಸಿ ಸಾಹುಕಾರರಿಗೆ ಕಳಿಸುತ್ತದೆ. ಚುಕ್ಕಿ ಎಲ್ಲಾದರೂ ನಿಂತರೆ ಫೋನ್ ಬಂತೆಂದೇ ಲೆಕ್ಕ.

“ತಮ್ಮಾ, ಹೊನ್ನಾಳಿ ಸೇತುವೆ ಮ್ಯಾಲೆ ನಿಂತ್ಕಂಡಿದೀಯಲ್ಲ, ಮೀನು ಹಿಡಿಯಾಕೆ ಶುರು ಮಾಡಿದ್ಯೇನು?”

ಪಂಕ್ಚರ್ ಅಂದರೆ ಪಂಕ್ಚರ್ ಹಾಕುವವನ ಜೊತೆ ಫೋಟೊ ಬೇಕು. ನ್ಯಾಮತಿಯಲ್ಲಿ ಹೊಟ್ಟೆ ಕೆಟ್ಟು ಬಸ್ ಸ್ಟ್ಯಾಂಡಿನ ಪಾಯಿಖಾನೆಗೆ ಎರಡೆರಡು ಸಲ ಓಡಿದ ದಿನ ಓಂಕಾರ ಅದಕ್ಕೂ ಸಮಜಾಯಿಷಿ ಕೊಟ್ಟ. ಮೊದಮೊದಲು ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ರಾತ್ರಿ ಹೆಂಡತಿ ಕಾವ್ಯಶ್ರೀಯ ಎದುರು ಕೂತು ಸಾಹುಕಾರರನ್ನು ಮನಸಾರೆ ಬೈಯುತ್ತಿದ್ದ. ಬರಬರುತ್ತಾ ಬೈಯುವುದನ್ನೂ ಬಿಟ್ಟ. ಉಂಡು ಮಲಗಿಬಿಡುತ್ತಿದ್ದ.

ಇದೇ ಹೊತ್ತಿಗೆ ಅವನ ಮಾವ, ಸೊಕ್ಕೆಯ ತಿಪ್ಪೇಶಪ್ಪ, ದಾವಣಗೆರೆಯ ಆಸ್ಪತ್ರೆ ಸೇರಿದ. ಕಾವ್ಯಶ್ರೀ ಅಪ್ಪನ ಮಂಚದ ಪಕ್ಕದಲ್ಲೇ ಚಾಪೆ ಹಾಸಿಕೊಂಡಳು. ಒಮ್ಮೆ ಬಂದು ನೋಡಿ ಹೋಗಿ ಎಂದು ಗಂಡನಿಗೆ ಹೇಳಿ ಹೇಳಿ ಸಾಕಾದಳು. ಅವನ ದಾರಿಯಲ್ಲಿ ದಾವಣಗೆರೆ ಇರಲಿಲ್ಲ. ಚುಕ್ಕಿ ಅಲ್ಲಿ ಕಂಡರೆ ಏನು ಹೇಳಬೇಕು? ಭಾನುವಾರ ಹೋದರಾಯಿತು ಅಂದುಕೊಂಡರೆ ಭಾನುವಾರಕ್ಕೆ ಗೋಡೌನಿನ ಸ್ಟಾಕ್ ಎಣಿಸುವ ಕೆಲಸ ಬೀಳುತ್ತಿತ್ತು. ಓಂಕಾರ ಒಂದು ಸಲವೂ ಹೋಗಲಿಲ್ಲ. ‘ಒಂದು ದಿನ ರಜೆ ಕೊಡಿ’ ಎಂದು ಬಾಯಿಬಿಟ್ಟು ಕೇಳಲೂ ಇಲ್ಲ. ಇದನ್ನು ಯಾರ ತಲೆಗೆ ಕಟ್ಟುವುದು? ಆ್ಯಪ್ ಅಂತೂ ಅವನ ಬಾಯಿ ಹೊಲಿದಿರಲಿಲ್ಲ.

ಫೋನ್ ಬಂದಾಗ ಅವನು ಸವಳಂಗದಲ್ಲಿದ್ದ.

“ಅಪ್ಪ ಹೋದ್ರು,” ಎಂದಳು ಕಾವ್ಯಶ್ರೀ. ಅಳು ಮುಗಿದ ದನಿ. “ಊರಿಗೆ ಕರ್ಕಂಡು ಬಂದೀವಿ. ನಾಲ್ಕು ಗಂಟೆಗೆ ಮಣ್ಣು. ಈ ಸಲನಾದ್ರೂ ಬರ್ರಿ. ಬರ್ಲಿಲ್ಲ ಅಂದ್ರೆ ಆಮ್ಯಾಲೆ ನನ್ನ ಕರಿಯಾಕೂ ಬರ್‌ಬ್ಯಾಡ್ರಿ.”

ಅವಳು ಹೆದರಿಸುವ ಪೈಕಿಯಲ್ಲ. ಹೇಳಿದ್ದನ್ನು ಮಾಡುವವಳು. ಓಂಕಾರನಿಗೆ ಅದು ಗೊತ್ತಿತ್ತು. ಆದರೂ ಬೈಕಿಗೆ ಕೀಲಿ ಹಾಕುವ ಮೊದಲು ಸಾಹುಕಾರರಿಗೇ ಫೋನ್ ಮಾಡಿದ.

“ಅಯ್ಯೋ ಶಿವನೇ, ಹೋಗಿ ಬಾ ತಮ್ಮಾ,” ಎಂದರು ಮುರುಗೇಶಪ್ಪ. “ಮುಟ್ಟಿದ ಮ್ಯಾಲೆ ಒಂದು ಫೋಟೊ ಹಾಕು, ಹಾಜರಿ ಮಾಡ್ಕಂತೀನಿ. ತಪ್ಪು ತಿಳೀಬ್ಯಾಡ. ನಿನ್ನ ಜೊತೆ ಕೆಲಸ ಮಾಡ್ತಾನಲ್ಲ ಶರಣು, ಅವನ ಅಜ್ಜಿ ಒಂದೇ ವರ್ಷದಾಗೆ ಎರಡು ಸಲ ಸತ್ತಿದ್ಲು.”

ಹೊನ್ನಾಳಿ, ಹರಿಹರ, ದಾವಣಗೆರೆ ದಾಟಿ, ಜಗಳೂರಿನ ಬಿಸಿಗಾಳಿಗೆ ತುಟಿ ಒಡೆಸಿಕೊಂಡು ಅವನು ಸೊಕ್ಕೆ ಮುಟ್ಟಿದಾಗ ಇನ್ನೂ ಹೊತ್ತಿತ್ತು. ಮನೆಯ ಮುಂದೆ ಶಾಮಿಯಾನ. ಜಗಲಿಯ ಮೇಲೆ ತಿಪ್ಪೇಶಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ತಲೆಗೆ ಪೇಟ, ಕೊರಳಲ್ಲಿ ಸೇವಂತಿಗೆ ಹಾರ. ಪಕ್ಕದಲ್ಲಿ ಭಜನೆಯವರು ತಾಳ ಹಾಕುತ್ತಿದ್ದರು.

ಕಾವ್ಯಶ್ರೀ ತಲೆಯೆತ್ತಿ ಅವನನ್ನು ನೋಡಿದಳು. “ಬಂದ್ರಾ,” ಎಂದು ಸ್ವಲ್ಪ ಸರಿದು ತನ್ನ ಪಕ್ಕದಲ್ಲಿ ಜಾಗ ಮಾಡಿದಳು. ಅಷ್ಟು ಹೊತ್ತು ಬಿಗಿಹಿಡಿದಿದ್ದ ಅಳು ಆಗ ಒತ್ತರಿಸಿ ಬಂತು.

ಕೂತಿದ್ದರೆ ಎಲ್ಲ ಸರಿಹೋಗುತ್ತಿತ್ತು. ಕೂರಬೇಕೆಂದೇ ಅವನಿಗೂ ಇತ್ತು. ಫೋಟೊದ ಕೆಲಸ ಒಂದು ಮುಗಿಸಿಬಿಟ್ಟರೆ ನಿಶ್ಚಿಂತೆಯಾಗಿ ಕೂರಬಹುದಲ್ಲ ಎಂದು, “ಈಗ ಬಂದೆ,” ಅಂತ ಹೇಳಿ ಶಾಮಿಯಾನದ ಅಂಚಿಗೆ ಹೋದ. ಯಾರಿಗೂ ಕಾಣದ ಹಾಗೆ ಫೋನ್ ಎತ್ತಿ ತೆಗೆದು ಕಳಿಸಿದ. ಚಪ್ಪಲಿ ಬಿಡುವಷ್ಟರಲ್ಲಿ ಮೆಸೇಜು ಬಂತು.

‘ತಮ್ಮಾ, ಇದರಾಗೆ ಶಾಮಿಯಾನ ಅಷ್ಟೇ ಕಾಣ್ತೈತೆ. ಶಾಮಿಯಾನ ಮದುವೆಗೂ ಹಾಕ್ತಾರೆ.’

ಬೇರೆ ಯಾರಾದರೂ ಆಗಿದ್ದರೆ ಆ ಫೋನನ್ನು ಎದುರಿನ ಬಾವಿಗೆ ಎಸೆಯುತ್ತಿದ್ದರು. ಕಡೇ ಪಕ್ಷ ಸ್ವಿಚ್ ಆಫ್ ಮಾಡುತ್ತಿದ್ದರು. ಓಂಕಾರ ಜನರ ನಡುವೆ ದಾರಿ ಮಾಡಿಕೊಂಡು ಜಗಲಿಯ ಹತ್ತಿರ ಬಂದ. ಹೆಣಕ್ಕೆ ಬೆನ್ನು ಹಾಕಿ ನಿಂತ. ಫೋನ್ ಎತ್ತಿ ಹಿಡಿದ. ‘ಮುಖ ಸ್ಪಷ್ಟವಾಗಿಲ್ಲ, ಮತ್ತೆ ತೆಗೆಯಿರಿ’ ಎಂದಿತು ಆ್ಯಪ್. ಬೆವರು ಒರೆಸಿಕೊಂಡು ಗದ್ದ ಎತ್ತಿದ. ಮತ್ತೆ ಅದೇ ಮಾತು. ತಾಳದ ಸದ್ದು ಒಂದೊಂದಾಗಿ ನಿಂತುಹೋಯಿತು.

“ಏನ್ ಭಾವ, ಸೆಲ್ಫಿನಾ?” ಎಂದ ಕಾವ್ಯಶ್ರೀಯ ತಮ್ಮ ಬಸವರಾಜ. ಅವನ ಕೈ ಮುಷ್ಟಿಯಾಗಿತ್ತು.

“ಅಲ್ಲಪ್ಪ, ಸಾಹುಕಾರ್ರು ಕೇಳ್ತಿದಾರೆ. ಒಂದೇ ಒಂದು. ಹಾಜರಿಗೆ.”

ಕಾವ್ಯಶ್ರೀ ಎದ್ದಳು. ತಮ್ಮನನ್ನು ಪಕ್ಕಕ್ಕೆ ಸರಿಸಿ ಜಗಲಿ ಹತ್ತಿ, ಸೆರಗು ಸರಿ ಮಾಡಿಕೊಂಡು ಅಪ್ಪನ ಪಕ್ಕ ನಿಂತಳು.

“ತೆಗೀರಿ. ಅಪ್ಪನ ಜೊತೆಗೆ ನಾನೂ ನಿಂತ್ಕಂತೀನಿ. ಅಳಿಯಂದ್ರು ಬಂದ್ರಾ, ಅಳಿಯಂದ್ರು ಬಂದ್ರಾ ಅಂತ ಆಸ್ಪತ್ರೆಯಾಗೆ ಕೇಳ್ತಾನೇ ಹೋದೋರು ಇವರು. ಕೊನೆಗೂ ಬಂದ್ರು ಅನ್ನಾಕೆ ಒಂದು ಸಾಕ್ಷಿ ಇರ್ಲಿ.”

ಆಗಲಾದರೂ ಅವನು ಕೈ ಇಳಿಸಬೇಕಿತ್ತು. ಊರಿಗೆ ಊರೇ ಅದಕ್ಕಾಗಿ ಕಾಯುತ್ತಿತ್ತು. ಅವನು ತೆಗೆದ. ಈ ಸಲ ಮುಖ ಸ್ಪಷ್ಟವಾಗಿ ಬಂದಿತ್ತು, ಹಾಜರಿ ದಾಖಲಾಯಿತು. ಸಾಹುಕಾರರು ಕೈಮುಗಿದ ಚಿತ್ರ ಕಳಿಸಿದರು.

ಮಣ್ಣು ಅವರ ಹೊಲದಲ್ಲೇ ಆಯಿತು, ಶೇಂಗಾ ಕಿತ್ತ ಪಟ್ಟಿಯಲ್ಲಿ. ಸ್ವಾಮಿಗಳ ಮಂತ್ರ ಮುಗಿದ ಮೇಲೆ ಒಬ್ಬೊಬ್ಬರೇ ಮಣ್ಣು ಹಾಕತೊಡಗಿದರು. ಓಂಕಾರನನ್ನು ಯಾರೂ ಕರೆಯಲಿಲ್ಲ, ಯಾರೂ ತಡೆಯಲೂ ಇಲ್ಲ. ಅವನು ಬಗ್ಗಿ ಎರಡೂ ಕೈಯಲ್ಲಿ ಮಣ್ಣು ಬಾಚಿಕೊಂಡ. ಪ್ರತಿ ಸುಗ್ಗಿಗೂ ಬಸ್ಸಿನಲ್ಲಿ ಶೇಂಗಾ ಚೀಲ ಕಳಿಸಿ, ‘ಮುಟ್ಟಿತಾ’ ಎಂದು ಫೋನ್ ಮಾಡಿ ವಿಚಾರಿಸುತ್ತಿದ್ದ ಮನುಷ್ಯ. ಮಣ್ಣು ಬಿಡುವಾಗ ಓಂಕಾರ ಗಳಗಳ ಅತ್ತುಬಿಟ್ಟ. ನಾಟಕದ ಅಳುವಲ್ಲ ಅದು. ಗುಂಡಿಯ ಆಚೆ ಬದಿಯಲ್ಲಿದ್ದ ಕಾವ್ಯಶ್ರೀ ಅದನ್ನು ನೋಡಿದಳು. ಅವಳ ಬಿಗಿದ ಮುಖ ಸಡಿಲವಾಯಿತು. ಅವನ ಕಡೆ ಬರಲು ಒಂದು ಹೆಜ್ಜೆಯನ್ನೂ ಇಟ್ಟಳು.

ಅಷ್ಟರಲ್ಲಿ ಅವನ ಕೈ ಜೇಬಿಗೆ ಹೋಯಿತು.

ಯಾರೂ ಕೇಳಿರಲಿಲ್ಲ. ಫೋನ್ ಸದ್ದು ಮಾಡಿರಲಿಲ್ಲ. ಮಣ್ಣಿನವರೆಗೂ ಇದ್ದೆ ಅಂದರೆ ಸಾಹುಕಾರರು ಹೇಗೆ ನಂಬಬೇಕು ಅನ್ನುವ ಯೋಚನೆ ತಾನಾಗಿಯೇ ಬಂದಿತ್ತು. ಕಣ್ಣೀರು ಇನ್ನೂ ಇಳಿಯುತ್ತಿದ್ದಂತೆಯೇ ಅವನು ಗುಂಡಿಗೆ ಬೆನ್ನು ತಿರುಗಿಸಿ ಗದ್ದ ಎತ್ತಿದ. ಒಂದೇ ಸಲಕ್ಕೆ ಚೆನ್ನಾಗಿ ಬಂತು.

ತಿರುಗಿದಾಗ ಕಾವ್ಯಶ್ರೀ ಎದುರಿಗೇ ನಿಂತಿದ್ದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ.

“ಆಯ್ತಾ?” ಎಂದಳು. ಉಂಡು ಎದ್ದ ನೆಂಟನನ್ನು ಕೇಳುವ ಹಾಗೆ. “ಹಂಗಾರೆ ಹೊರಡ್ರಿ. ಕತ್ತಲಾಗ್ತೈತೆ, ನಿಧಾನಕ್ಕೆ ಹೋಗ್ರಿ. ನಾನು ಬರಾಂಗಿಲ್ಲ.”

ಯಾವಾಗ ಬರ್ತೀಯ ಎಂದು ಕೇಳಲು ಅವನು ಬಾಯಿ ತೆರೆದ. ಕೈಯಲ್ಲಿದ್ದ ಫೋನ್ ನಡುಗಿತು. ‘ತಮ್ಮಾ, ಹೆಂಗೂ ಅಲ್ಲೇ ಇದೀಯಲ್ಲ, ಜಗಳೂರಿನಾಗೆ ಎರಡು ಅಂಗಡಿ ನೋಡ್ಕಂಡೇ ಬಾ.’

ಕಾವ್ಯಶ್ರೀ ಅವನ ಮಾತಿಗೆ ಕಾಯುತ್ತಾ ಅಲ್ಲೇ ನಿಂತಿದ್ದಳು. ಓಂಕಾರ ಬೆರಳಿಟ್ಟ, ಮಣ್ಣು ಮೆತ್ತಿದ್ದಕ್ಕೆ ಅಕ್ಷರ ಮೂಡಲಿಲ್ಲ. ಕೈಯನ್ನು ಪ್ಯಾಂಟಿಗೆ ಎರಡು ಸಲ ಚೆನ್ನಾಗಿ ಉಜ್ಜಿ ಮಣ್ಣೆಲ್ಲ ಒರೆಸಿಕೊಂಡು, ‘ಆಯ್ತು ಸರ್’ ಎಂದು ಬರೆದ.