ಎಡಗಡೆಯ ಲೋಟ

ಮುನಿರಾಜು ಮತ್ತೆ ಬಟನ್ ಒತ್ತಿದ. ಕಂಪ್ಯೂಟರ್ ಗೊರಗೊರ ಎಂದು ಎದ್ದಿತು, ಪರದೆಯ ಮೇಲೆ ಗೂಳಪ್ಪನ ಫೋಟೊದ ಹಣೆಯಷ್ಟನ್ನು ತೋರಿಸಿತು, ಕಪ್ಪಾಯಿತು.

"ವಿಭೂತಿ ಕಾಣ್ತಿದ್ದಂಗೆ ಆಫ್ ಆಗೋಗತ್ತೆ ಕಣಕ್ಕಾ," ಎಂದ ಅವನು ಗುರವ್ವನಿಗೆ. ಗೂಳಪ್ಪನ ಹಾಗೆ ಅವನದೂ ಪಕ್ಕದ ಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ.

ಫೋಟೊದ ಯಜಮಾನ ಹೊರಗೆ ಶಾಮಿಯಾನದಡಿ, ಸತ್ತ ಮೇಲೂ ತಮ್ಮವರ ಪದ್ಧತಿಯಂತೆ ಕೂತೇ ಇದ್ದ. ಕೊರಳಲ್ಲಿ ಇಡೀ ಮಾರ್ಕೆಟ್ಟಿನ ಸೇವಂತಿಗೆ. ಗೂಳಪ್ಪ ಈ ಭೂಮಂಡಲದಲ್ಲಿ ನಕ್ಕಿದ್ದು ಒಂದೇ ಫೋಟೊದಲ್ಲಿ. ಮಿಕ್ಕಿದ್ದರಲ್ಲೆಲ್ಲ ಪೊಲೀಸರು ಹಿಡಿದು ತಂದವನ ಮುಖ. ಆ ನಗು ಸಿಕ್ಕಿಕೊಂಡಿದ್ದು ಮನೆಯ ಮುಂಗೋಣೆಯಲ್ಲಿದ್ದ ಅವನ ಅಂಗಡಿಯ ಈ ಕಂಪ್ಯೂಟರಿನಲ್ಲಿ. ಕ್ರಿಯೆ ಮಾಡಿಸುವ ಅಯ್ನೋರು ಬಂದು ಅವನನ್ನು ಮಣ್ಣಿಗೆ ಎತ್ತಿಸುವ ಮುಂಚೆ ಅದು ಕಾಗದಕ್ಕಿಳಿಯಬೇಕು. ಹೆಂಡತಿ ಗುರವ್ವನ ಹಟ ಅದೊಂದೇ.

ಬೆಳಿಗ್ಗೆ ಜಾಗ ಬೇಕೆಂದು ಬಾದಾಮಿಯ ನೆಂಟರು ಕಂಪ್ಯೂಟರ್ ಸಮೇತ ಮೇಜನ್ನು ಎತ್ತಿ ಕುಕ್ಕಿದ್ದರು. ಆಗಿನಿಂದ ಹೀಗೆ.

"ಗೂಳಪ್ಪನ ಬೆರಳಿದ್ದಿದ್ರೆ ಒಂದು ನಿಮಿಷದ ಕೆಲಸ," ಎಂದರು ಎದುರುಮನೆ ನಂಜುಂಡಪ್ಪನವರು. "ಮುಟ್ಟಿದ್ರೆ ಸಾಕು, ಜಡ್ಜ್‌ಮೆಂಟು!"

ನಿಜವೇ. ಆ ಬೆರಳಿನ ಕೀರ್ತಿ ಕೆಂಗೇರಿಯಿಂದ ರಾಜಾಜಿನಗರದವರೆಗೆ ಹಬ್ಬಿತ್ತು. ಅರ್ಧದಷ್ಟು ಕಂಪ್ಯೂಟರುಗಳು ಅದನ್ನು ಕಂಡೇ ಹೆದರಿ ಸರಿಯಾಗುತ್ತಿದ್ದವು.

*

ಆ ಬೆರಳು ಸತ್ತು ಬಹಳ ಕಾಲವಾಗಿತ್ತೆಂಬುದು ಗುರವ್ವನೊಬ್ಬಳಿಗೇ ಗೊತ್ತು.

ಒಮ್ಮೆ ಗೂಳಪ್ಪ ಕಂಪ್ಯೂಟರ್ ಚಿಪ್ಪಿನ ಮೇಲೆ ಕೂರುವ ಹೀಟ್‌ಸಿಂಕು, ಅದೇ ಆ ಬಿಸಿ ಹೀರುವ ರೆಕ್ಕೆರೆಕ್ಕೆಯ ಅಲ್ಯೂಮಿನಿಯಂ ತುಂಡು, ಅದರ ಮೇಲೆ ಬೆರಳಿಟ್ಟು ಗಿರಾಕಿಯೊಂದಿಗೆ ಹರಟುತ್ತಿದ್ದ. ಬೊಬ್ಬೆ ಎದ್ದರೂ ಅವನಿಗೆ ತಿಳಿಯಲಿಲ್ಲ. ಸಕ್ಕರೆ ಕಾಯಿಲೆ ಬೆರಳ ತುದಿಗಳನ್ನು ಮರಗಟ್ಟಿಸಿತ್ತು.

"ಬಿಸಿ ತಿಳೀದಾಂವ ಎದರ ರಿಪೇರಿ ಮಾಡಲಿ?" ಎಂದು ಆ ದಿನ ಅವನು ಊಟ ಬಿಟ್ಟ.

"ನನ್ನ ಬೆರಳು ಏನ್ ಕಡಾ ತಂದವೇನ್ರಿ? ಅವೂ ನಿಮ್ಮವ ಅಲ್ಲೇನು?" ಎಂದಳು ಗುರವ್ವ.

ಮರುದಿನದಿಂದ ಗಿರಾಕಿ ಬಂದಾಗಲೆಲ್ಲ ಅವಳು ಚಹಾ ತರತೊಡಗಿದಳು. ಬಗ್ಗಿದಾಗ ಎರಡು ಬೆರಳು ಸುಮ್ಮನೆ ಹೀಟ್‌ಸಿಂಕನ್ನು ಸವರುತ್ತಿದ್ದವು. ಬಿಸಿಯಿದ್ದರೆ ಲೋಟ ಅವನ ಬಲಕ್ಕೆ, ತಣ್ಣಗಿದ್ದರೆ ಎಡಕ್ಕೆ. ಆಮೇಲೆ ಗೂಳಪ್ಪ ತನ್ನ ಬೆರಳನ್ನು ಇಟ್ಟು, ಕಣ್ಣು ಮುಚ್ಚಿ, ತಪಸ್ಸಿನಿಂದ ಎದ್ದವನ ಹಾಗೆ ಕಾಯಿಲೆ ಹೇಳುತ್ತಿದ್ದ. ಗಿರಾಕಿ ಹೋದ ಮೇಲೆ ಗಂಡ ಹೆಂಡತಿ ಹಂಚು ಹಾರುವಂತೆ ನಗುತ್ತಿದ್ದರು. ಆ ಫೋಟೊದ ನಗುವೂ ಅದೇ.

*

ಮುನಿರಾಜು ಕಂಪ್ಯೂಟರಿನ ಡಬ್ಬಿ ಬಿಚ್ಚಿ ಹೀಟ್‌ಸಿಂಕು ಮುಟ್ಟಿದ. "ತಣ್ಣಗಿದೆ. ಇಲ್ಲೇನೂ ತೊಂದ್ರೆ ಇಲ್ಲ ಬಿಡಿ."

ಗುರವ್ವ ಒಳಗೆ ಹೋಗಿ ಚಹಾ ತಂದಳು. ಬಗ್ಗಿ ಎರಡು ಬೆರಳು ಸವರಿದಳು. ಲೋಟ ಮುನಿರಾಜುವಿನ ಎಡಕ್ಕಿಟ್ಟಳು. ಪಾಪ, ಅವನಿಗೇನು ಗೊತ್ತು? ಪವರ್ ಸಪ್ಲೈಯನ್ನೇ ಕೆದಕುತ್ತಿದ್ದ.

ಹೊರಗೆ ಜಾಗಟೆ ಕೇಳಿಸಿತು. ಅಯ್ನೋರು ಬಂದರು.

ಬಾಯಿ ಬಿಟ್ಟರೆ ಗಂಡನ ಬೆರಳಿನ ಗುಟ್ಟು ಬಯಲು. ಬಿಡದಿದ್ದರೆ ಅವನ ನಗು ಕತ್ತಲಲ್ಲೇ ಉಳಿಯುತ್ತದೆ.

"ತಮ್ಮಾ, ಅವರು ಹೇಳ್ತಿದ್ರು," ಎಂದಳು ಮೆಲ್ಲಗೆ. "ಚಿಪ್ಪು ಕುದಿಯೋವಾಗ ಮ್ಯಾಲಿಂದು ತಣ್ಣಗ ಇತ್ತಂದ್ರ, ಅದು ಚಿಪ್ಪಿಗೆ ತಾಗೇ ಇಲ್ಲಂತ."

ಮುನಿರಾಜು ಹೀಟ್‌ಸಿಂಕನ್ನು ಅಲುಗಿಸಿದ. ಕುಕ್ಕಿದ ಏಟಿಗೆ ಅದರ ಒಂದು ಪ್ಲಾಸ್ಟಿಕ್ ಪಿನ್ನು ಕಳಚಿ, ಆ ಮೂಲೆ ಎದ್ದು ನಿಂತಿತ್ತು; ಬಿಸಿ ಇಳಿಯದೆ ಚಿಪ್ಪು ಕಾದು ಕಂಪ್ಯೂಟರ್ ಆಫ್ ಆಗುತ್ತಿತ್ತು. ನಡುವೆ ಒಣಗಿದ್ದ, ಬಿಸಿ ದಾಟಿಸುವ ಪೇಸ್ಟು ಒರೆಸಿ, ಹೊಸದನ್ನು ತೆಳ್ಳಗೆ ಹಚ್ಚಿ, ಪಿನ್ನನ್ನು ಟಕ್ಕೆಂದು ಒತ್ತಿದ.

ಈ ಸಲ ಹಣೆ ಬಂತು, ಮೂಗು ಬಂತು, ಆಮೇಲೆ ಊರಿಗೆಲ್ಲ ಬಡಿಸಿದರೂ ಮಿಗುವಷ್ಟು ನಗು ಬಂತು. ಪ್ರಿಂಟರಿನಿಂದ ಬಿಸಿಬಿಸಿ ಕಾಗದ ಎಳೆದುಕೊಂಡು ಮುನಿರಾಜು ಹೊರಗೋಡಿದ.

"ನೋಡ್ರಪ್ಪಾ! ಸತ್ತ ಮೇಲೂ ಗೂಳಪ್ಪಣ್ಣಂದೇ ರಿಪೇರಿ!"

"ನಾನ್ ಹೇಳ್ಲಿಲ್ವಾ, ಆ ಬೆರಳು ಅಂದ್ರೆ ಸುಮ್ನೇನಾ!" ನಂಜುಂಡಪ್ಪನವರು ಕಣ್ಣೊರೆಸಿಕೊಂಡರು.

ಮುನಿರಾಜು ಮುಟ್ಟದೇ ಬಿಟ್ಟ ಚಹಾ ಹಿಡಿದು ಗುರವ್ವ ಹೊರಗೆ ಬಂದಳು.

"ಬಾರವ್ವ, ಕಡೀಗೊಮ್ಮೆ ಮುಟ್ಟಿ ನಮಸ್ಕಾರ ಮಾಡು," ಎಂದರು ಅಯ್ನೋರು.

ಅವಳು ಬಗ್ಗಿ, ಮಡಿಲ ಮೇಲಿದ್ದ ಗೂಳಪ್ಪನ ಕೈಯನ್ನು ಎರಡು ಬೆರಳಲ್ಲಿ ಸವರಿದಳು. ಆಮೇಲೆ ಲೋಟವನ್ನು, ತುಳುಕದ ಹಾಗೆ, ಅವನ ಎಡಗಡೆಗೆ ಇಟ್ಟಳು.