ಎರಡನೆಯ ಅರ್ಥ ಕೇಳಿದವಳು

ಫ್ರಾನ್ಸಿನ ನಾಂತ್ ಊರಿನಲ್ಲಿ ಶಾಲಾಂತ್ಯದ ಬಾಕ್ ಪರೀಕ್ಷೆಯ ಮೌಖಿಕಗಳು ಮುಗಿದಿದ್ದವು. ಅಂಕಗಳನ್ನು ಸರಿದೂಗಿಸುವ ಸಭೆಗೆ ಬಂದ ಪರೀಕ್ಷಕಿ ಸೊಲೆನ್ ಕಾಫಿ ತೆಗೆದುಕೊಂಡಳು, ಕುಡಿಯಲಿಲ್ಲ. ಅಪೊಲಿನ್ ಎಂಬ ಹುಡುಗಿಗೆ ಇಪ್ಪತ್ತಕ್ಕೆ ಏಳು ಕೊಟ್ಟದ್ದು ಅವಳನ್ನು ಕೊರೆಯುತ್ತಿತ್ತು.

ಆಧುನಿಕ ಕಾವ್ಯದ ಪದಚಮತ್ಕಾರದ ಮೇಲೆಯೇ ಡಾಕ್ಟರೇಟ್ ಮಾಡಿದವಳು ಸೊಲೆನ್. ವಿರಾಮಚಿಹ್ನೆಗಳಿಲ್ಲದ ಆ ಕವಿತೆಗಳಲ್ಲಿ ಒಂದು ಸಾಲು ಹಿಂದಿನದಕ್ಕೂ ಅಂಟುತ್ತದೆ, ಮುಂದಿನದಕ್ಕೂ ಅಂಟುತ್ತದೆ; ಪ್ರತಿ ಪದದ ಕೆಳಗೂ ಒಂದು ನೆಲಮಾಳಿಗೆ ಇರುತ್ತದೆ ಎಂದು ವರ್ಷವಿಡೀ ಪಾಠ ಹೇಳುವವಳು. ಅಪೊಲಿನ್ ಪಾಲಿಗೆ ಬಂದದ್ದು ಹಿಮದ ಮೇಲಿನ ಅಂಥದೇ ಒಂದು ಕವಿತೆ. ತಾಯಿ ತೀರಿಕೊಂಡ ಮನೆಯ ಮೌನ ಇದರಲ್ಲಿದೆಯೆಂದು ಹುಡುಗಿ ಸಾಲು ಸಾಲಾಗಿ ತೋರಿಸಿದ್ದಳು. ಸೊಲೆನ್‌ಗೆ ಅಷ್ಟು ಸಾಲಲಿಲ್ಲ. ಬೇರೆ ಅರ್ಥವೇನೆಂದು ಕೆದಕಿದಳು.

"ಇಲ್ಲಿ ಕವಿ ಆಟ ಆಡ್ತಿಲ್ಲ ಮದಾಮ್. ನೇರವಾಗೇ ಹೇಳ್ತಿದಾನೆ," ಅಂದಿದ್ದಳು ಹುಡುಗಿ.

ಮತ್ತೆ ಕೆದಕಿದಾಗ ಹೆದರಿ, ಬಾಯಿಪಾಠ ಮಾಡಿದ್ದನ್ನೆಲ್ಲ ಉದುರಿಸಿ, ತಡವರಿಸಿ, ತನಗೆ ಕವಿತೆ ತಿಳಿಯುವುದೇ ಇಲ್ಲವೆಂದು ಹೇಳಿ ಎದ್ದುಹೋದಳು. ಏಳು ಹಾಕಿದ ಸೊಲೆನ್ ಮನೆಗೆ ಹೋಗಿ ಕವಿತೆಯನ್ನು ಮತ್ತೆ ಓದಿದಳು. ಪದಗಳ ಕೆಳಗೆ ಏನೂ ಇರಲಿಲ್ಲ. ಹುಡುಗಿ ಹೇಳಿದ್ದೇ ಇತ್ತು.

ಸಭೆಯ ಅಧ್ಯಕ್ಷ ಎಸ್ಕಿರೋಲ್ ಅವಳ ಅಂಕಗಳನ್ನು ನೋಡಿ ನಕ್ಕ. "ಏನಮ್ಮಾ ಸೊಲೆನ್, ಕೈ ಇಷ್ಟು ಬಿಗಿ? ನಿನ್ನ ಮಕ್ಕಳಿಗೆಲ್ಲ ಒಂದೊಂದು ಅಂಕ ಏರಿಸಿಬಿಡೋಣ, ಪೀಡೆ ಕಳೀತು."

ಎಲ್ಲರ ಜೊತೆ ಅಪೊಲಿನ್‌ಗೂ ಒಂದು. ತಪ್ಪು ಯಾರ ಕಣ್ಣಿಗೂ ಬೀಳದೆ ಮುಚ್ಚಿಹೋಗುತ್ತಿತ್ತು. ಸೊಲೆನ್ ತಲೆಯಾಡಿಸಿಯೂ ಬಿಟ್ಟಳು. ಆಮೇಲೆ ತಡೆಯಲಾರದೆ ಕೈಯೆತ್ತಿದಳು.

"ಎಲ್ಲರಿಗೂ ಬೇಡ. ಅಪೊಲಿನ್ ಒಬ್ಬಳಿಗೆ ಹದಿನಾರು ಮಾಡಿ. ಅವಳು ಸರಿಯಾಗೇ ಓದಿದ್ಲು. ನಂಗೆ ಬೇಕಾದ್ದು ಬರೋತನಕ ನಾನೇ ಬಿಡಲಿಲ್ಲ."

ಡಾಕ್ಟರೇಟ್ ವಾಪಸ್ ಕೊಡ್ತೀಯೇನೇ ಎಂದು ಪಕ್ಕದ ಗೆಳತಿ ಚುಚ್ಚಿದಳು. ಒಂದಿಬ್ಬರು ನಕ್ಕರು. ಎಸ್ಕಿರೋಲ್ ನಗಲಿಲ್ಲ. ಅಂಕ ಬದಲಾದರೆ ಷರಾವೂ ಬದಲಾಗಬೇಕು, ಬೇರೆ ಬರಿ ಎಂದ. ಹುಡುಗಿಯನ್ನು ಹುಡುಕಿಕೊಂಡು ಹೋಗಿ ಮಾತನಾಡಲು ನಿಯಮ ಬಿಡುವುದಿಲ್ಲ. ಅವಳಿಗೆ ತಲುಪಬಹುದಾದದ್ದು ಈ ಒಂದು ಷರಾ ಮಾತ್ರ.

'ಪ್ರಶ್ನೋತ್ತರದಲ್ಲಿ ತೊಡಕಾಯಿತು' ಎಂದು ಸೊಲೆನ್ ಬರೆದಳು. ತೊಡಕು ಯಾರದು? ಹೇಗೆ ಬೇಕಾದರೂ ಓದಿಕೊಳ್ಳಬಹುದಿತ್ತು. ತಾನು ಅಡಗಿಕೊಳ್ಳಲು ಎಷ್ಟು ಚೆನ್ನಾಗಿ ಜಾಗ ಮಾಡಿಕೊಂಡಿದ್ದೇನೆಂದು ಕಂಡು ಅವಳ ಮುಖ ಸುಟ್ಟಂತಾಯಿತು. ಅಳಿಸಿದಳು.

'ಅಭ್ಯರ್ಥಿ ಸರಿಯಾಗಿ ಓದಿದ್ದಾಳೆ. ಪರೀಕ್ಷಕಿ ತಪ್ಪು ಮಾಡಿದ್ದಾರೆ.'

ಷರಾ ತರಿಸಿ ನೋಡುವ ಹಕ್ಕು ಮಕ್ಕಳಿಗಿದೆ. ಹದಿನಾರು ಬಂದವರು ಯಾರೂ ತರಿಸುವುದಿಲ್ಲ.