ಬಲಗೆನ್ನೆಗೆ ಅಗ್ಗದ್ದು

ನೆರೇಯ್ದಾ ಆ ಪುಟ್ಟ ಬಾಟಲಿಯ ಮುಚ್ಚಳ ತೆಗೆದು ಮೂಸಿದಳು. ವಾಸನೆಯೇ ಇರಲಿಲ್ಲ. ಅದೇ ಅವಳಿಗೆ ಗುಮಾನಿ ತಂದಿತು.

"ಏನೂ ವಾಸನೆ ಇಲ್ವಲ್ಲೇ. ಏನೋ ಮುಚ್ಚಿಡ್ತಿದಾರೆ."

"ತೀತಿ, ಅದು ಮುಖಕ್ಕೆ ಹಚ್ಚೋ ಫೌಂಡೇಶನ್ನು, ಕಳ್ಳಮಾಲಲ್ಲ," ಎಂದಳು ಲೈಶ್ಕಾ. ನೆರೇಯ್ದಾಳ ಅಣ್ಣನ ಮಗಳು. ಮಾಯಾಗ್ವೆಸ್ ಪಟ್ಟಣದ ಔಷಧಿ ಅಂಗಡಿಯೊಂದರಲ್ಲಿ ಕೆಲಸ. ಒಂಬತ್ತು ಡಾಲರಿನ ಆ ಬಾಟಲಿಯನ್ನು ತನ್ನ ತೀತಿಗೆ, ಅಂದರೆ ಅತ್ತೆಗೆ, ಅವಳೇ ತಂದಿದ್ದಳು.

ನೆರೇಯ್ದಾ ಇಪ್ಪತ್ತಾರು ವರ್ಷ ಊರಿನ ದೊಡ್ಡ ಮಳಿಗೆಯಲ್ಲಿ ದುಬಾರಿ ಮೇಕಪ್ ಸಾಮಾನು ಮಾರಿದವಳು. "ಔಷಧಿ ಅಂಗಡೀಲಿ ಕೆಮ್ಮಿನ ಸಿರಪ್ಪು ತಗೋಬೇಕು ಕಣ್ರೀ, ಮುಖದ ಕಳೆ ಅಲ್ಲ" ಎಂದು ಎಷ್ಟು ಹೆಂಗಸರಿಗೆ ಬುದ್ಧಿ ಹೇಳಿದ್ದಳೋ. ಮಳಿಗೆ ಮುಚ್ಚಿ ಆರು ವರ್ಷವಾಗಿತ್ತು. ಕೊನೆಯ ದಿನ ಕೊಂಡ ಫ್ರೆಂಚ್ ಫೌಂಡೇಶನ್ನನ್ನು ಮದುವೆ ಸಮಾರಂಭಗಳಿಗೆ ಮಾತ್ರ ಹನಿಹನಿಯಾಗಿ ತೆಗೆಯುತ್ತಿದ್ದಳು. ಈಗ ತಳ ಕಾಣುತ್ತಿತ್ತು, ಒಂದು ಕೆನ್ನೆಗಾಗುವಷ್ಟೇ ಉಳಿದಿತ್ತು.

ಭಾನುವಾರ ನೆಂಟರ ಮಗುವಿನ ಜ್ಞಾನಸ್ನಾನ. ನೆರೇಯ್ದಾ ಎಡಗೆನ್ನೆಗೆ ಫ್ರೆಂಚಿನದನ್ನು, ಬಲಗೆನ್ನೆಗೆ ಅಗ್ಗದ್ದನ್ನು ಹಚ್ಚಿಕೊಂಡು ಹೊರಟಳು.

ಚರ್ಚಿನಲ್ಲಿ ಎಲ್ಲರೂ ತನ್ನ ಬಲಗೆನ್ನೆಯನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಪಾದ್ರಿಯೂ ಆ ಕಡೆಯೇ ಕಣ್ಣು ಹಾಯಿಸಿದಂತಿತ್ತು. ಪಕ್ಕದ ಹಾಲ್‌ನಲ್ಲಿ ಊಟಕ್ಕೆ ಕೂತಾಗ, ಮಳಿಗೆಯಲ್ಲಿ ಜೊತೆಗೇ ಕೆಲಸ ಮಾಡಿದ್ದ ಇವೆಲಿಸ್ ಎದುರು ಕುರ್ಚಿಯಿಂದ ದಿಟ್ಟಿಸಿ ನೋಡಿದಳು. ನೆರೇಯ್ದಾ ತೊಗರಿಕಾಳಿನ ಅನ್ನದ ತಟ್ಟೆ ಸರಿಸಿ ಬಲಗೆನ್ನೆಗೆ ಕೈ ಅಡ್ಡ ಹಿಡಿದಳು. ಅಷ್ಟರಲ್ಲಿ ಮುಖವೆಲ್ಲ ಉರಿಯತೊಡಗಿತು.

ಲೈಶ್ಕಾಳ ರಟ್ಟೆ ಹಿಡಿದು ಬಚ್ಚಲಿಗೆ ಎಳೆದೊಯ್ದಳು. "ನೋಡು, ನಿನ್ನ ಔಷಧಿ ಅಂಗಡಿ ಮಾಡಿದ ಉಪಕಾರ!"

"ಅಯ್ಯೋ, ಕೆಂಪಾಗ್ಬಿಟ್ಟಿದೆ! ಎರಡು ಕಡೆಗೂ ನಾನು ಕೊಟ್ಟಿದ್ದೇ ಹಚ್ಚಿದ್ದಾ?"

"ಬಲಗಡೆಗೆ ಮಾತ್ರ."

"ತೀತಿ, ಕೆಂಪಾಗಿರೋದು ಎಡಗಡೆ."

ನೆರೇಯ್ದಾ ಕನ್ನಡಿ ನೋಡಿಕೊಂಡಳು. ಬಲಗೆನ್ನೆ ನುಣ್ಣಗಿತ್ತು. "ಬೆವರಿಗೆ ಆ ಕಡೆಯಿಂದ ಈ ಕಡೆಗೆ ದಾಟಿರುತ್ತೆ," ಎಂದಳು ಬಿಡದೆ.

"ಮೂಗು ಹತ್ತಿ ಇಳೀತಾ?"

ಹಿಂದೆಯೇ ಬಂದಿದ್ದ ಇವೆಲಿಸ್ ಕೈ ಚಾಚಿದಳು. "ಎಡಗಡೆಗೆ ಹಚ್ಚಿದ್ದು ಇದೆಯೇನೇ? ಕೊಡಿಲ್ಲಿ."

ನೆರೇಯ್ದಾ ಕೈಚೀಲದಿಂದ ಫ್ರೆಂಚ್ ಬಾಟಲಿ ತೆಗೆದುಕೊಟ್ಟಳು. ಇವೆಲಿಸ್ ಮೂಸಿ ಮುಖ ಕಿವುಚಿದಳು. "ಕಮಟು ಎಣ್ಣೆ ವಾಸನೆ ಕಣೇ! ಇದು ಕೆಟ್ಟು ಎಷ್ಟು ಕಾಲ ಆಯ್ತೋ. ಊಟಕ್ಕೆ ಕೂತಾಗಲೇ ನಿನ್ನ ಎಡಗೆನ್ನೆ ಕೆಂಪಾಗಿರೋದು ಕಂಡು ನೋಡ್ತಿದ್ದೆ."

ನೆರೇಯ್ದಾ ಮುಖ ತೊಳೆದಳು. ಉರಿ ಇಳಿದ ಮೇಲೆ ಲೈಶ್ಕಾ ತಾನು ತಂದದ್ದನ್ನೇ ಎರಡೂ ಕೆನ್ನೆಗೆ ತೆಳ್ಳಗೆ ಹಚ್ಚಿದಳು. ಇವೆಲಿಸ್ ತನ್ನ ಚೀಲದಿಂದ ಅದೇ ಬಾಟಲಿ ತೆಗೆದು ಮೂಗಿನ ಮೇಲೆ ಒತ್ತಿಕೊಂಡಳು.

"ನೀನೂನಾ? ಯಾವಾಗಿಂದ?"

"ಮಳಿಗೇಲಿದ್ದಾಗಿಂದ. ಆ ಸಂಬಳದಲ್ಲಿ ನಾವು ಮಾರೋದನ್ನ ನಾವೇ ಕೊಳ್ಳೋಕಾಗ್ತಿತ್ತೇನೇ?"

"ನಿನ್ನ ಮುಖ ನೋಡಿ ತಾನೇ ಜನ ಫ್ರೆಂಚಿನದು ಕೊಳ್ತಿದ್ದಿದ್ದು! ನಾನೂ ನಿನ್ನ ನೋಡೇ ಕೊಂಡಿದ್ದು!"

"ಕೇಳಿದ್ದಿದ್ರೆ ಹೇಳ್ತಿದ್ದೆ," ಎಂದು ಇವೆಲಿಸ್ ನಕ್ಕಳು. ನೆರೇಯ್ದಾಗೆ ನಗು ಬರಲಿಲ್ಲ. ಫೋಟೋಕ್ಕೆ ಕರೆದಾಗ ಹೋಗಿ ಅವಳಿಂದ ಮೂರು ಜನರಾಚೆ ನಿಂತಳು.

ಮನೆಗೆ ಹೋಗುವಾಗ ಕಾರಿನಲ್ಲಿ ಲೈಶ್ಕಾಗೆ ಹೇಳಿದಳು: "ಇನ್ನೊಂದು ಬಾಟಲಿ ತಗೊಂಬಾ. ಸೀಲು ಒಡೆದಿರಬಾರ್ದು. ಮುಂದಿಟ್ಟಿರೋದು ಬೇಡ, ಹಿಂದಿನ ಸಾಲಿಂದ ತೆಗಿ."